ಚೊಂಬು, ಅಕ್ಕಿ, ಅರಿಶಿನ ಮತ್ತು ಒಂದು ಚಿಟಿಕೆ ವಿಭೂತಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದ, "ಸಾರ್, ಎಂಟನೆಯ ತರಗತಿಯಲ್ಲಿ ನೀವು ಚೊಂಬಿನ ತುಂಬ ಅಕ್ಕಿ ತುಂಬಿ, ಚಾಕು ಚುಚ್ಚಿ, ಚಾಕುವಿನ ಹಿಡಿಯಿಂದಲೇ ಚೊಂಬನ್ನು ಮೇಲೆತ್ತಿ ತೋರಿಸುತ್ತಿದ್ದಿರಲ್ಲ, ಅದು ಮನೆಯಲ್ಲಿ ಎಷ್ಟು ಸಲ ಮಾಡಿದರೂ ಬರುತ್ತಿಲ್ಲ. ನಾಳಿದ್ದು ಮಗನ ಹುಟ್ಟುಹಬ್ಬ. ಅವನ ಸ್ನೇಹಿತರ ಮುಂದೆ ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ" ಎಂದಳು.

"ಯಾವ ಪಾತ್ರೆ ತೆಗೆದುಕೊಂಡೆಯಮ್ಮಾ?" ಎಂದು ಕೇಳಿದೆ.

"ಸ್ಟೀಲ್ ಡಬ್ಬ, ಸಾರ್."

ಅಲ್ಲಿಯೇ ತಪ್ಪಿತ್ತು. ಡಬ್ಬದ ಗೋಡೆ ನೇರ. ಚೊಂಬಿನದು ಹೊಟ್ಟೆ ದೊಡ್ಡದು, ಕುತ್ತಿಗೆ ಕಿರಿದು. ಒಣಗಿದ ಹಸಿ ಅಕ್ಕಿಯನ್ನು ಕುತ್ತಿಗೆಯವರೆಗೂ ತುಂಬಿ, ಚೊಂಬನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಹೆಬ್ಬೆರಳಿನಿಂದ ಅದುಮಬೇಕು. ಆಮೇಲೆ ಮೊಂಡಾದ ಚಾಕುವನ್ನು ಇಪ್ಪತ್ತು ಮೂವತ್ತು ಸಲ ಚುಚ್ಚಿ ಚುಚ್ಚಿ ತೆಗೆಯಬೇಕು. ಪ್ರತಿ ಸಲವೂ ಕಾಳುಗಳು ಹೊರಳಿ ತಮ್ಮ ನಡುವಿನ ಖಾಲಿ ಜಾಗವನ್ನು ತುಂಬಿಕೊಳ್ಳುತ್ತವೆ. ಒಂದು ಹಂತದಲ್ಲಿ ಅವಕ್ಕೆ ಸರಿದುಕೊಳ್ಳಲು ಎಡೆಯೇ ಇರುವುದಿಲ್ಲ. ಆಗ ಅವು ಒಂದು ಕಡೆ ಚೊಂಬಿನ ಗೋಡೆಯನ್ನೂ ಇನ್ನೊಂದು ಕಡೆ ಚಾಕುವಿನ ಅಲಗನ್ನೂ ಒತ್ತಿ ಹಿಡಿಯುತ್ತವೆ. ಚಾಕು ಒಳಗೆ ಹೋಗುವಾಗ ಕೈಗೆ ಬಿಗಿ ತಿಳಿಯುತ್ತದೆ. ಆಗ ಕೊನೆಯದಾಗಿ ಆಳಕ್ಕೆ ಚುಚ್ಚಿ ನಿಧಾನವಾಗಿ ಎತ್ತಿದರೆ ಚೊಂಬು ಚಾಕುವಿಗೆ ಜೋತುಬಿದ್ದು ಮೇಲೇಳುತ್ತದೆ. ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ಪಠ್ಯಪುಸ್ತಕದ ಘರ್ಷಣೆಯ ಪಾಠ, ಅಷ್ಟೆ. (ಚಾಕು ದೊಡ್ಡವರ ಕೈಯಲ್ಲಿರಲಿ ಎಂದು ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಹೇಳಿಬಿಡುತ್ತೇನೆ.)

ದೂರವಾಣಿ ಇಟ್ಟ ಮೇಲೆ ಬಹಳ ಹೊತ್ತು ಕುಳಿತೇ ಇದ್ದೆ. ಮನೆಯ ಸಾಮಾನುಗಳಿಂದ ಮಾಡುವ ಇಂಥ ಸಣ್ಣಪುಟ್ಟ ಚಮತ್ಕಾರಗಳ ಇತಿಹಾಸವನ್ನು ಬರೆಯಬೇಕೆಂದು ನಿವೃತ್ತನಾದ ದಿನದಿಂದಲೂ ಅಂದುಕೊಳ್ಳುತ್ತಿದ್ದೆ. ಬರೆಯದೆ ಇದ್ದುದಕ್ಕೆ ಒಂದು ಕಾರಣವಿತ್ತು. ಅದನ್ನೂ ಈ ಲೇಖನದಲ್ಲಿ ಹೇಳಿಬಿಡುವುದೆಂದು ನಿರ್ಧರಿಸಿದ್ದೇನೆ. ನಮ್ಮ ಮನೆತನದವರು ಇದನ್ನು ಓದುವಾಗ ಸ್ವಲ್ಪ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ.

ನಮ್ಮ ಭಾಷೆಯಲ್ಲಿ ಈ ವಿದ್ಯೆಗೆ ಎಷ್ಟೊಂದು ಹೆಸರುಗಳು! ಇಂದ್ರಜಾಲ, ಗಾರುಡಿ, ಯಕ್ಷಿಣಿ, ಕಣ್ಕಟ್ಟು, ಕೈಚಳಕ. ಇವುಗಳಲ್ಲಿ ಕಣ್ಕಟ್ಟು ಎಂಬ ಮಾತು ನನಗೆ ಬಲು ಪ್ರಿಯ. ಅದರಲ್ಲಿ ವಂಚನೆಯ ಆರೋಪವೂ ಇಲ್ಲ, ದೈವತ್ವದ ಸೋಗೂ ಇಲ್ಲ. ನೋಡುವವನ ಕಣ್ಣನ್ನು ಕಟ್ಟಲಾಗಿದೆ ಎಂಬ ಸತ್ಯವನ್ನು ಹೆಸರಿನಲ್ಲಿಯೇ ಒಪ್ಪಿಕೊಂಡುಬಿಟ್ಟಿದೆ. ಇಂದ್ರಜಾಲಿಕ ನಮ್ಮ ಪ್ರಾಚೀನ ಸಾಹಿತ್ಯಕ್ಕೆ ಹೊಸಬನಲ್ಲ. ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿ ನರ್ಮದೆಯ ಬಳಿ ತಡೆದು ನಿಲ್ಲಿಸಿದನಲ್ಲ, ಆ ಹರ್ಷವರ್ಧನನ ಹೆಸರಿನಲ್ಲಿರುವ 'ರತ್ನಾವಳಿ' ನಾಟಕದಲ್ಲಿ ಐಂದ್ರಜಾಲಿಕನೊಬ್ಬ ಬಂದು ರಾಜನಿಗೆ ಆಕಾಶದಲ್ಲಿ ದೇವತೆಗಳನ್ನು ತೋರಿಸುತ್ತಾನೆ. ಆಮೇಲೆ ಅಂತಃಪುರಕ್ಕೆ ಬೆಂಕಿ ಬಿದ್ದಂತೆ ಭ್ರಮೆ ಹುಟ್ಟಿಸುತ್ತಾನೆ. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿಯೂ ಮಾಯಾವಿಯೊಬ್ಬನ ದೃಷ್ಟಾಂತ ಬರುತ್ತದೆ. ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೆ ಏರುತ್ತಿರುವವನು ಬೇರೆ, ನಿಜವಾದ ಮಾಯಾವಿ ನೆಲದ ಮೇಲೆಯೇ ನಿಂತಿದ್ದಾನೆ ಎಂಬುದು ಅದರ ತಾತ್ಪರ್ಯ. ವೇದಾಂತ ನನ್ನ ವಿಷಯವಲ್ಲ, ಆದುದರಿಂದ ಅದರೊಳಗೆ ಇಳಿಯುವುದಿಲ್ಲ. ಆದರೆ ಕೇಳುವವರಿಗೆ ಗಾರುಡಿಗನ ಪರಿಚಯವಿಲ್ಲದಿದ್ದರೆ ಆಚಾರ್ಯರು ಆ ಉದಾಹರಣೆಯನ್ನು ಕೊಡುತ್ತಿರಲಿಲ್ಲ ಎಂಬುದಷ್ಟನ್ನು ಗಮನಿಸಬೇಕು.

ಹಗ್ಗದ ಮಾತು ಬಂದಿತೆಂದು ಒಂದು ವಿನೋದವನ್ನು ಹೇಳಿ ಮುಂದೆ ಹೋಗುತ್ತೇನೆ. 'ಇಂಡಿಯನ್ ರೋಪ್ ಟ್ರಿಕ್' ಎಂದು ಪಾಶ್ಚಾತ್ಯರು ನೂರು ವರ್ಷ ಬೆರಗಾಗಿ ಮಾತನಾಡಿದರಲ್ಲ, ಆ ಖ್ಯಾತಿಗೆ ಮುಖ್ಯ ಕಾರಣ 1890ರ ಆಗಸ್ಟ್ 8ರಂದು 'ಷಿಕಾಗೊ ಟ್ರಿಬ್ಯೂನ್' ಪತ್ರಿಕೆಯಲ್ಲಿ ಬಂದ ಒಂದು ಕಟ್ಟುಕಥೆ. ಅದನ್ನು ಕಣ್ಣಾರೆ ಕಂಡವನೆಂದು ಹೇಳಲಾದವನ ಹೆಸರು ಫ್ರೆಡ್ ಎಸ್. ಎಲ್‌ಮೋರ್. ಎಸ್. ಎಲ್‌ಮೋರ್ ಎಂಬುದನ್ನು ಕೂಡಿಸಿ ಓದಿ: 'ಸೆಲ್ ಮೋರ್', ಹೆಚ್ಚು ಮಾರು! ಕೆಲವು ತಿಂಗಳ ನಂತರ ಪತ್ರಿಕೆಯೇ ಅದು ಕಲ್ಪಿತವೆಂದು ಒಪ್ಪಿಕೊಂಡಿತು. ಒಪ್ಪಿಗೆಯನ್ನು ಓದಿದವರು ಕಡಿಮೆ, ಕಥೆಯನ್ನು ನಂಬಿದವರು ಹೆಚ್ಚು. ಮೊಬೈಲಿನಲ್ಲಿ ಬಂದುದನ್ನೆಲ್ಲ ಮುಂದಕ್ಕೆ ಕಳುಹಿಸುವ ನನ್ನ ಬಂಧುಮಿತ್ರರು ಇದನ್ನು ಗಮನಿಸಬಹುದು.

ನನ್ನ ಬಾಲ್ಯದ ಗಾರುಡಿಗರು ಆಕಾಶಕ್ಕೆ ಏರುವವರಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ, ಕಹಳೆಬಂಡೆಯ ಆಸುಪಾಸಿನಲ್ಲಿ, ನಮ್ಮ ಚಾಮರಾಜಪೇಟೆಯ ಬೀದಿಗಳ ಮೂಲೆಗಳಲ್ಲಿ ಒಂದು ಮಾಸಿದ ಬಟ್ಟೆ ಹಾಸಿ, ಡೋಲು ಬಾರಿಸಿ, ಹುಡುಗರನ್ನು ಸುತ್ತ ಸೇರಿಸುವವರು. ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಕಟ್ಟಿದ ಮುಂಗುಸಿ. ಅವೆರಡರ ಕಾಳಗವನ್ನು ತೋರಿಸುತ್ತೇನೆಂದು ಕೊನೆಯವರೆಗೂ ಹೇಳುತ್ತಿದ್ದರು, ತೋರಿಸಿದ್ದನ್ನು ನಾನಂತೂ ಕಾಣೆ. ಆದರೆ ಮೂರು ಬಟ್ಟಲುಗಳನ್ನು ಬೋರಲು ಹಾಕಿ, ಅವುಗಳ ಕೆಳಗೆ ಬಟ್ಟೆಯ ಉಂಡೆಗಳನ್ನು ಮಾಯಮಾಡಿ ಮರಳಿ ತರುವ ಆಟವನ್ನು ಮಾತ್ರ ತಪ್ಪದೆ ಆಡುತ್ತಿದ್ದರು. ಮುಂದೆ ಓದಿದಾಗ ತಿಳಿಯಿತು, ಈ ಆಟ ಎರಡು ಸಾವಿರ ವರ್ಷಗಳಷ್ಟು ಹಳೆಯದು. ರೋಮಿನ ಸೆನೆಕ ಎಂಬ ತತ್ತ್ವಜ್ಞಾನಿ ತನ್ನ ಪತ್ರವೊಂದರಲ್ಲಿ ಇದೇ ಬಟ್ಟಲು ಮತ್ತು ಕಲ್ಲುಹರಳುಗಳ ಪ್ರಸ್ತಾಪ ಮಾಡಿದ್ದಾನೆ. ಅಲ್ಲಿ ಮೋಸವೇ ಹಿತವಾಗಿರುತ್ತದೆ, ಹೇಗೆ ಮಾಡಿದರೆಂದು ತಿಳಿದರೆ ಆಸಕ್ತಿ ಹೋಗಿಬಿಡುತ್ತದೆ ಎಂಬುದು ಅವನ ಅಭಿಪ್ರಾಯ. ಸೆನೆಕ ದೊಡ್ಡವನಿರಬಹುದು, ಆದರೆ ಅವನು ಹೈಸ್ಕೂಲಿನಲ್ಲಿ ಪಾಠ ಮಾಡಿದವನಲ್ಲ. ಮೂವತ್ತಾರು ವರ್ಷಗಳ ನನ್ನ ಅನುಭವ ಇದಕ್ಕೆ ನೇರ ವಿರುದ್ಧ. ಗುಟ್ಟನ್ನು ಹೇಳಿದ ಮೇಲೆಯೇ ಮಕ್ಕಳಿಗೆ ನಿಜವಾದ ಹುಮ್ಮಸ್ಸು ಬರುತ್ತಿದ್ದುದು.

ಬಟ್ಟಲಿನೊಳಗೆ ಒಂದು ನಾಣ್ಯ ಇಟ್ಟು, ನಾಣ್ಯ ಅಂಚಿನ ಮರೆಗೆ ಹೋಗುವವರೆಗೆ ಹಿಂದೆ ಸರಿದು ನಿಂತು, ಬೇರೊಬ್ಬರಿಂದ ಬಟ್ಟಲಿಗೆ ನೀರು ಹಾಕಿಸಿ ನೋಡಿ. ಯಾರೂ ಮುಟ್ಟದಿದ್ದರೂ ನಾಣ್ಯ ಮೇಲೆದ್ದು ಕಾಣುತ್ತದೆ. ಎರಡನೆಯ ಶತಮಾನದ ಟಾಲೆಮಿ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಅವನು ಅದನ್ನು ಚಮತ್ಕಾರವೆನ್ನಲಿಲ್ಲ. ಬೆಳಕಿನ ವಕ್ರೀಭವನದ ಪುರಾವೆ ಎಂದು ಮುಂದಿಟ್ಟ. ಬಟ್ಟಲು ಅದೇ, ನಾಣ್ಯ ಅದೇ. ಒಬ್ಬ ಅದನ್ನು ಬೀದಿಯಲ್ಲಿ ತೋರಿಸಿ ಕಾಸು ಕೇಳಬಹುದು, ಇನ್ನೊಬ್ಬ ಶಾಸ್ತ್ರ ಬರೆಯಬಹುದು, ಮತ್ತೊಬ್ಬ ತಾನು ಅವತಾರವೆನ್ನಬಹುದು. ಈ ಮೂರನೆಯದೇ ತೊಡಕಿನದು.

ಈ ತೊಡಕನ್ನು ಬಹಳ ಹಿಂದೆಯೇ ಕಂಡವನು ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್. ಆ ಕಾಲದಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಬಡ ಮುದುಕಿಯರನ್ನು ಕೊಲ್ಲುತ್ತಿದ್ದರು. ಇದನ್ನು ಕಂಡು ಮನನೊಂದ ಸ್ಕಾಟ್ 1584ರಲ್ಲಿ ಮಾಟದ ನಂಬಿಕೆಯನ್ನೇ ಬುಡಮೇಲು ಮಾಡುವ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಅದರಲ್ಲಿ ನಾಣ್ಯವನ್ನು ಅಂಗೈಯಲ್ಲಿ ಅಡಗಿಸುವುದು, ಉಂಡೆಗಳನ್ನು ಮಾಯಮಾಡುವುದು, ಮೂಗು ಕತ್ತರಿಸಿದಂತೆ ತೋರುವ ಚಾಕುವನ್ನು ಮಾಡುವುದು ಮುಂತಾದ ಗುಟ್ಟುಗಳನ್ನೆಲ್ಲ ಬಿಡಿಸಿ ಬರೆದ. ಇಂಗ್ಲಿಷಿನಲ್ಲಿ ಜಾದೂವಿನ ಗುಟ್ಟುಗಳನ್ನು ವಿವರವಾಗಿ ತಿಳಿಸಿದ ಮೊದಲ ಪುಸ್ತಕಗಳಲ್ಲಿ ಅದು ಒಂದು. ಇಂದು ಅಂಗಡಿಗಳಲ್ಲಿ ಮಾರುವ 'ಆರಂಭಿಕರಿಗೆ ಮ್ಯಾಜಿಕ್' ಪುಸ್ತಕಗಳ ಮೂಲಪುರುಷ ಹುಟ್ಟಿದ್ದು ಹೀಗೆ, ಯಾರದೋ ಪ್ರಾಣ ಉಳಿಸುವ ಪ್ರಯತ್ನದಲ್ಲಿ. ಬೀದರ್, ಕಲಬುರಗಿಯ ಕಡೆ ಬಾನಾಮತಿ ಮಾಡಿಸಿದರೆಂಬ ಅನುಮಾನದ ಮೇಲೆ ಹೊಡೆತ ತಿಂದವರ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿಕೊಂಡೇ ಬೆಳೆದವರು. ಆದುದರಿಂದ ಸ್ಕಾಟ್ ನಮಗೆ ದೂರದವನಲ್ಲ.

ಇದಕ್ಕೆ ವ್ಯತಿರಿಕ್ತವಾದ ಒಂದು ಪ್ರಸಂಗ ಫ್ರಾನ್ಸಿನ ರಾಬರ್ಟ್ ಹೂದಿನ್ ಎಂಬ ಮಹಾ ಜಾದೂಗಾರನದು. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ತನ್ನ ವಸಾಹತಾದ ಅಲ್ಜೀರಿಯಕ್ಕೆ ಕಳುಹಿಸಿತು. ಅಲ್ಲಿನ ಫಕೀರರ ಪ್ರಭಾವವನ್ನು ಕುಗ್ಗಿಸುವುದು ಉದ್ದೇಶ. ಒಂದು ಸಣ್ಣ ಪೆಟ್ಟಿಗೆಯನ್ನು ವೇದಿಕೆಯ ಮೇಲಿಟ್ಟು, ಗಟ್ಟಿಮುಟ್ಟಾದ ವ್ಯಕ್ತಿಯೊಬ್ಬನನ್ನು ಕರೆದು, ನಿನ್ನ ಶಕ್ತಿಯನ್ನು ಕಸಿದುಕೊಂಡಿದ್ದೇನೆ, ಈಗ ಎತ್ತು ನೋಡೋಣ ಎಂದ. ಎತ್ತಲಾಗಲಿಲ್ಲ. ವೇದಿಕೆಯ ಕೆಳಗೆ ವಿದ್ಯುತ್ಕಾಂತವಿತ್ತು! ವಿದ್ಯುತ್ಕಾಂತದ ಪಾಠಕ್ಕೆ ಇದಕ್ಕಿಂತ ಸೊಗಸಾದ ಪೀಠಿಕೆ ಇಲ್ಲ, ನಾನು ಪ್ರತಿ ವರ್ಷವೂ ಬಳಸಿಕೊಂಡಿದ್ದೇನೆ. ಆದರೆ ಹೂದಿನ್ ಆ ರಾತ್ರಿ ಮಾಡಿದ್ದು ಒಬ್ಬರ ಪವಾಡದ ಮೇಲೆ ಇನ್ನೊಂದು ಪವಾಡವನ್ನು ಹೇರಿದ್ದು, ಅದೂ ಆಳುವವರ ಪರವಾಗಿ. ನೋಡಿದವರು ಹೆದರಿದರೇ ಹೊರತು ಕಲಿಯಲಿಲ್ಲ.

ನಮ್ಮೂರಿಗೆ ಬರೋಣ. ಬೆಂಗಳೂರಿನಲ್ಲಿ ಮನೆಮನೆಯ ಇಂದ್ರಜಾಲಿಕರು ಯಾರೆಂದರೆ ನಮ್ಮ ತಾಯಂದಿರು. ಆರತಿಯ ತಟ್ಟೆಯನ್ನು ನೆನಪಿಸಿಕೊಳ್ಳಿ. ನೀರಿಗೆ ಅರಿಶಿನ ಹಾಕುತ್ತಾರೆ, ಹಳದಿ. ಒಂದು ಚೂರು ಸುಣ್ಣ ಕದಡುತ್ತಾರೆ, ರಕ್ತದಂತೆ ಕೆಂಪು. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದಲ್ಲಿ ಕೆಂಪಾಗುತ್ತದೆ. ಅದೇ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಪ್ರಯೋಗಾಲಯವಿಲ್ಲದ ಶಾಲೆಯಲ್ಲಿಯೂ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠವನ್ನು ಇದರಿಂದ ಮಾಡಬಹುದು, ಮಾಡಿದ್ದೇನೆ. ನನ್ನ ಕುತೂಹಲವಿರುವುದು ಬೇರೆಡೆ. ಈ ಬಣ್ಣದ ಬದಲಾವಣೆಯನ್ನು ಯಾವ ಹೆಂಗಸೂ ಪವಾಡವೆಂದು ಕರೆದದ್ದನ್ನು ನಾನು ಕೇಳಿಲ್ಲ. ಆದರೆ ದಾಸವಾಳದ ಎಸಳನ್ನು ಮೊದಲೇ ಉಜ್ಜಿ ಒಣಗಿಸಿದ ಚಾಕುವಿನಿಂದ ಮಂತ್ರವಾದಿಯೊಬ್ಬ ನಿಂಬೆಹಣ್ಣು ಕತ್ತರಿಸಿ, ಹಣ್ಣಿನಿಂದ 'ರಕ್ತ' ಸುರಿಸಿದರೆ, ಅದೇ ಹೆಂಗಸು ಕೈಮುಗಿದು ನಡುಗುತ್ತಾಳೆ. ಅಲ್ಲಿಯೂ ನಡೆದದ್ದು ಆಮ್ಲ ತಗುಲಿ ಹೂವಿನ ಬಣ್ಣ ಬದಲಾದದ್ದೇ. ಆರತಿಯ ಗುಟ್ಟು ಅವಳ ಕೈಯಲ್ಲಿದೆ, ನಿಂಬೆಯ ಗುಟ್ಟು ಇನ್ನೊಬ್ಬನ ಕೈಯಲ್ಲಿದೆ. ವ್ಯತ್ಯಾಸ ಅಷ್ಟು ಮಾತ್ರ.

ಈ ಗುಟ್ಟನ್ನು ಎಲ್ಲರ ಕೈಗೂ ಕೊಡಬೇಕೆಂದು ಹಟ ತೊಟ್ಟವರು ನಮ್ಮ ಬಸವನಗುಡಿಯ ಡಾ. ಎಚ್. ನರಸಿಂಹಯ್ಯನವರು. ನನ್ನ ವಿದ್ಯಾರ್ಥಿಗಳಲ್ಲಿ ಕಿರಿಯರಾದವರಿಗೆ ಎಚ್.ಎನ್. ಎಂಬ ಎರಡಕ್ಷರದ ತೂಕ ತಿಳಿದಿರಲಾರದು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದವರು. 1942ರ ಚಳವಳಿಯಲ್ಲಿ ಜೈಲಿಗೆ ಹೋದವರು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಂದು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಅವಿವಾಹಿತರಾಗಿ ಅಲ್ಲಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಬಾಳಿದವರು. ಬಿಳಿಯ ಪಂಚೆ, ಜುಬ್ಬ, ತಲೆಯ ಮೇಲೆ ಗಾಂಧಿ ಟೋಪಿ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಉಪನ್ಯಾಸಗಳಿಗೆ ಹೆಸರಾಯಿತು. ನಾನು ವಿಜ್ಞಾನ ಶಿಕ್ಷಕನಾದುದಕ್ಕೆ ಆ ಬುಧವಾರಗಳು ಒಂದು ಕಾರಣ. ಚಾಮರಾಜಪೇಟೆಯಿಂದ ನಡೆದು ಹೋಗಿ, ಅರ್ಥವಾದಷ್ಟನ್ನು ಕೇಳಿ, ಗಾಂಧಿಬಜಾರಿನ ದಾರಿಯಾಗಿ ಹಿಂದಿರುಗುತ್ತಿದ್ದೆವು.

ಎಚ್.ಎನ್. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿಯನ್ನು ರಚಿಸಿದರು. ವಿಶ್ವವಿದ್ಯಾಲಯವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಎಲ್ಲರಿಗೂ ಹೊಸದಾಗಿತ್ತು. ಅವರು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ವಿಜ್ಞಾನಿಗಳ ಎದುರು, ನಿಯಂತ್ರಿತ ಸನ್ನಿವೇಶದಲ್ಲಿ ತಮ್ಮ ಶಕ್ತಿಯನ್ನು ತೋರಿಸಬೇಕೆಂದು ಕೋರಿದರು. ಆ ಪತ್ರಗಳಿಗೆ ಉತ್ತರ ಬರಲಿಲ್ಲ. ಬಾಬಾ ಅವರು ಈ ವಿಧಾನವೇ ಸರಿಯಲ್ಲವೆಂದು ಬಗೆದರು. ವಿಭೂತಿ, ಉಂಗುರಗಳ ಬದಲು ಒಂದು ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂಬ ಎಚ್.ಎನ್. ಅವರ ಸವಾಲು ಬೆಂಗಳೂರಿನ ಹೋಟೆಲುಗಳಲ್ಲೆಲ್ಲ ಮಾತಾಯಿತು. ಕೆಲವರಿಗೆ ಅದು ಲೇವಡಿಯಾಗಿ ಕಂಡಿತು. ನನಗನ್ನಿಸುವಂತೆ ಅದು ಲೇವಡಿಯಲ್ಲ, ಪರೀಕ್ಷೆಯ ಮೊದಲ ನಿಯಮ: ಬೆರಳ ಸಂದಿಯಲ್ಲಿ ಅಡಗಿಸಬಹುದಾದುದನ್ನು ಕೇಳಬಾರದು, ಅಡಗಿಸಲಾಗದುದನ್ನು ಕೇಳಬೇಕು. ಯಾವ ಜಾದೂಗಾರನಾದರೂ ಅದನ್ನೇ ಕೇಳುತ್ತಿದ್ದ.

ಅದೇ ವರ್ಷ ಪಾಂಡವಪುರದಲ್ಲಿ ಎಳೆಯ ಬಾಲಕನೊಬ್ಬ ವಿಭೂತಿಯನ್ನು ಸೃಷ್ಟಿಸುತ್ತಾನೆಂದು ಪ್ರಚಾರವಾಗಿ ಜನ ಸೇರುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಬಾಲಕನ ಉಡುಪಿನೊಳಗೇ ಇದ್ದುದು ಬಯಲಾಯಿತು. ಆ ಮಗುವಿನ ಬಗ್ಗೆ ಅಂದು ಅನೇಕರು ನಕ್ಕರು. ನಾನೂ ನಕ್ಕಿದ್ದೆ. ಈಗ ಯೋಚಿಸಿದರೆ, ಸುತ್ತಲಿನ ದೊಡ್ಡವರು ಕಟ್ಟಿದ ವೇಷದಲ್ಲಿ ಆ ಮಗುವಿನ ತಪ್ಪು ಎಷ್ಟಿತ್ತು?

ಅವು ತುರ್ತುಪರಿಸ್ಥಿತಿಯ ದಿನಗಳು. ಪತ್ರಿಕೆಗಳು ರಾಜಕೀಯವನ್ನು ಬಾಯಿಬಿಟ್ಟು ಬರೆಯುವಂತಿರಲಿಲ್ಲ. ಅದಕ್ಕಾಗಿಯೋ ಏನೋ ಈ ವಿವಾದವನ್ನು ಜನ ಬಾಯ್ತುಂಬ ಮಾತನಾಡಿದರು. ಶ್ರೀಲಂಕೆಯಲ್ಲಿ ನೆಲೆಸಿದ್ದ ಕೇರಳದ ಡಾ. ಅಬ್ರಹಾಂ ಕೋವೂರರು, ಅದ್ಭುತ ಶಕ್ತಿಯನ್ನು ಮೋಸಕ್ಕೆ ಎಡೆಯಿಲ್ಲದಂತೆ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುವುದಾಗಿ 1963ರಲ್ಲಿಯೇ ಸಾರಿದ್ದವರು, ಆ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸಂಚರಿಸಿ ಪವಾಡಗಳ ಗುಟ್ಟನ್ನು ವೇದಿಕೆಯ ಮೇಲೆಯೇ ಮಾಡಿ ತೋರಿಸುತ್ತಿದ್ದರು. ಅವರ ಹಾದಿಯನ್ನು ಮುಂದೆ ಕೊಯಮತ್ತೂರು ಬಳಿಯ ಪೋದನೂರಿನ ಬಿ. ಪ್ರೇಮಾನಂದರು ದಶಕಗಳ ಕಾಲ ಹಳ್ಳಿಹಳ್ಳಿಗೂ ಕೊಂಡೊಯ್ದರು.

ಇನ್ನು ನನ್ನ ಕಥೆ. ಆಗ ನನಗೆ ಹದಿನಾರು ವರ್ಷ, ಪಿ.ಯು.ಸಿ. ಮೊದಲ ವರ್ಷ. ಸಹಪಾಠಿಯೊಬ್ಬನ ಅಣ್ಣ ಇಂಥದೊಂದು ಪ್ರಾತ್ಯಕ್ಷಿಕೆಯನ್ನು ನೋಡಿ ಬಂದು ವಿಭೂತಿಯ ಗುಟ್ಟನ್ನು ನಮಗೆ ಹೇಳಿಕೊಟ್ಟ. ಗ್ರಂಥಿಗೆ ಅಂಗಡಿಯಿಂದ ವಿಭೂತಿ ತಂದು, ನುಣ್ಣಗೆ ಪುಡಿಮಾಡಿ, ತುಸುವೇ ತುಸು ಅನ್ನದ ಗಂಜಿಯಲ್ಲಿ ಕಲಸಿ, ಕಡಲೆಕಾಳಿನಷ್ಟು ಗುಳಿಗೆಗಳನ್ನು ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಗುಳಿಗೆಯನ್ನು ಹೆಬ್ಬೆರಳಿನ ಬುಡದಲ್ಲಿ ಅವಚಿಕೊಂಡರೆ, ಅಂಗೈ ಕೆಳಮುಖವಾಗಿರುವ ತನಕ ಯಾರಿಗೂ ಕಾಣಿಸದು. ಗಾಳಿಯಲ್ಲಿ ಕೈಯನ್ನು ವೃತ್ತಾಕಾರವಾಗಿ ಆಡಿಸುತ್ತಾ ಅದನ್ನು ಬೆರಳ ತುದಿಗೆ ತಂದು ಹಿಸುಕಿದರೆ ಬೊಗಸೆಗೆ ವಿಭೂತಿ ಉದುರುತ್ತದೆ. ಗಂಜಿ ಹೆಚ್ಚಾದರೆ ಗುಳಿಗೆ ಒಡೆಯುವುದಿಲ್ಲ, ಕಡಿಮೆಯಾದರೆ ಮೊದಲೇ ಪುಡಿಯಾಗುತ್ತದೆ. ಹದ ಸಿಗಲು ನನಗೆ ಎರಡು ವಾರ ಹಿಡಿಯಿತು.

ಆ ವರ್ಷದ ಗಣೇಶನ ಹಬ್ಬಕ್ಕೆ ದೊಡ್ಡಮ್ಮನ ಮನೆಯವರೂ ಸೋದರಮಾವನ ಮನೆಯವರೂ ಚಾಮರಾಜಪೇಟೆಯ ನಮ್ಮ ವಠಾರದ ಮನೆಗೆ ಬಂದಿದ್ದರು. ಊಟವಾದ ಮೇಲೆ ನಡುಮನೆಯಲ್ಲಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ನನ್ನ ವಿದ್ಯೆಯನ್ನು ಆರಂಭಿಸಿದೆ. ಕಣ್ಣು ಅರೆಮುಚ್ಚಿ, ಗಂಭೀರವಾಗಿ ಕೈ ಆಡಿಸಿ, ವಿಭೂತಿ ಉದುರಿಸಿದೆ. ಹುಡುಗರು ಹೋ ಎಂದು ಕೂಗಿದರು. ಗುಟ್ಟನ್ನು ಹೇಳಲು ಬಾಯಿ ತೆರೆಯುವುದರೊಳಗೆ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿರುವುದು ಕಾಣಿಸಿತು. ನನ್ನ ತಾಯಿಯ ತಾಯಿ. ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದವರು. ಹಾಗೆಯೇ ಗೋಡೆ ಹಿಡಿದು ಬಂದು, ನನ್ನ ಮುಂದೆ ನಿಂತು, ಎರಡೂ ಕೈಗಳನ್ನು ಒಡ್ಡಿದರು. "ನನಗೂ ಕೊಡಪ್ಪಾ" ಎಂದರು. ಹುಟ್ಟಿದಂದಿನಿಂದ ನನ್ನನ್ನು 'ಏನೋ', 'ಬಾರೋ' ಎಂದು ಕರೆಯುತ್ತಿದ್ದವರು.

ಹುಡುಗರ ನಗು ನಿಂತುಹೋಯಿತು. ನಾನು ಹೇಳಬಹುದಾಗಿತ್ತು. ಅಜ್ಜಿ, ಇದು ಬರೀ ಗಂಜಿ ಕಲಸಿದ ಬೂದಿ, ನೋಡಿ ಇಲ್ಲಿ, ಎಂದು ಜೇಬಿನಲ್ಲಿದ್ದ ಉಳಿದ ಗುಳಿಗೆಗಳನ್ನು ತೋರಿಸಬಹುದಾಗಿತ್ತು. ದೊಡ್ಡಮ್ಮನ ಮಗ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಅವನ ಸನ್ನೆಗೆ ಹೆದರಿದೆನೋ, ಅಜ್ಜಿಯ ಮುಖವನ್ನು ನೋಡಿ ಬಾಯಿ ಬರಲಿಲ್ಲವೋ, ಅಥವಾ ಹಾಗೆ ಕೈಯೊಡ್ಡಿಸಿಕೊಂಡದ್ದು ಒಳಗೊಳಗೇ ಹಿತವಾಯಿತೋ, ಇಂದಿಗೂ ಖಚಿತವಾಗಿ ಹೇಳಲಾರೆ. ಮೂರನೆಯದೇ ನಿಜವಿರಬಹುದೆಂಬ ಅನುಮಾನ ನನಗಿದೆ. ಒಂದು ಚಿಟಿಕೆ ವಿಭೂತಿಯನ್ನು ಅವರ ಅಂಗೈಗೆ ಹಾಕಿದೆ. ಅವರು ಹಣೆಗೂ ಮಂಡಿಗೂ ಹಚ್ಚಿಕೊಂಡು, ಉಳಿದುದನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡು ದೇವರ ಮನೆಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ಅಮ್ಮನ ಹತ್ತಿರ, ರಾತ್ರಿ ನೋವು ಎಷ್ಟೋ ವಾಸಿ, ನಿದ್ದೆ ಬಂತು ಎಂದರು. ಇನ್ನು ಹೇಳುವುದು ಹೇಗೆ? ನಾಳೆ ಹೇಳೋಣ, ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತಾ ಹೋದೆ. ಎರಡು ಮೂರು ಸಲ ಅವರೇ ಮತ್ತೆ ಕೇಳಿದರು. ಈಗ ಬರುವುದಿಲ್ಲ ಅಜ್ಜಿ ಎಂದು ತಪ್ಪಿಸಿಕೊಂಡೆ. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಅವರು ಅದನ್ನೂ ನಂಬಿದರು. ಅಂಥ ಶಕ್ತಿ ಯಾವಾಗಲೂ ಇರುವುದಿಲ್ಲ, ಬಂದು ಹೋಗುತ್ತದೆ ಎಂದು ನನಗೇ ಸಮಾಧಾನ ಹೇಳಿದರು. ಅದಕ್ಕಿಂತ ಚಿಂತೆಯ ಸಂಗತಿಯೆಂದರೆ ಮಂಡಿಗೆ ವೈದ್ಯರು ಕೊಟ್ಟಿದ್ದ ಎಣ್ಣೆಯನ್ನು ಹಚ್ಚುವುದನ್ನು ಕೆಲವು ವಾರ ಬಿಟ್ಟುಬಿಟ್ಟಿದ್ದರು. ಚಳಿಗಾಲದಲ್ಲಿ ನೋವು ಹೆಚ್ಚಾದಾಗ ಅಮ್ಮನಿಗೆ ಅದು ತಿಳಿಯಿತು.

1977ರ ಆಗಸ್ಟ್ ತಿಂಗಳಲ್ಲಿ ಎಚ್.ಎನ್. ಅವರ ಸಮಿತಿ ವಿಸರ್ಜನೆಯಾಯಿತು. ಅವರಿಗೆ 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ. 'ಹೋರಾಟದ ಹಾದಿ' ಎಂಬ ಅವರ ಆತ್ಮಕಥೆಯನ್ನು ನನ್ನ ಹಳೆಯ ವಿದ್ಯಾರ್ಥಿಗಳು ಓದಿರದಿದ್ದರೆ ಓದಬೇಕು.

ನಾನು ಬಿ.ಎಡ್. ಮುಗಿಸಿ 1984ರಲ್ಲಿ ಶಿಕ್ಷಕನಾದೆ. ಆಗಲೇ ಒಂದು ನಿಯಮ ಮಾಡಿಕೊಂಡೆ: ತರಗತಿಯಲ್ಲಿ ತೋರಿಸಿದ ಚಮತ್ಕಾರದ ಗುಟ್ಟನ್ನು ಗಂಟೆ ಬಾರಿಸುವುದರೊಳಗೆ ಹೇಳಿಬಿಡಬೇಕು, ಸಮಯವಿಲ್ಲದಿದ್ದರೆ ತೋರಿಸಲೇಬಾರದು. ನಿಮ್ಮಲ್ಲಿ ಕೆಲವರು "ಸಾರ್, ಹೇಳಬೇಡಿ, ನಾಳೆ ಹೇಳಿ, ನಾವೇ ಯೋಚಿಸುತ್ತೇವೆ" ಎಂದು ಗೋಗರೆದಾಗಲೂ ನಾನು ಏಕೆ ಅಷ್ಟು ಕಟುವಾಗಿ ನಿರಾಕರಿಸುತ್ತಿದ್ದೆನೆಂಬುದು ಈಗ ತಿಳಿದಿರಬಹುದು. ಜಾದೂಗಾರರ ಧರ್ಮ ಬೇರೆ. ಅವರಿಗೆ ಗುಟ್ಟೇ ಬಂಡವಾಳ. 1956ರಲ್ಲಿ ಪಿ. ಸಿ. ಸರ್ಕಾರ್ ಅವರು ಬಿ.ಬಿ.ಸಿ. ದೂರದರ್ಶನದಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಕೊಯ್ದಂತೆ ತೋರಿಸಿದಾಗ, ಅವಳು ಸತ್ತೇಹೋದಳೆಂದು ಗಾಬರಿಗೊಂಡ ವೀಕ್ಷಕರು ದೂರವಾಣಿ ಮೇಲೆ ದೂರವಾಣಿ ಮಾಡಿದರಂತೆ. ಆದರೂ ಸರ್ಕಾರ್ ತಾವು ಜಾದೂಗಾರರೆಂದೇ ಹೇಳಿಕೊಂಡರು, ಟಿಕೆಟ್ಟಿನ ಮೇಲೆಯೇ ಹಾಗೆ ಅಚ್ಚಾಗಿರುತ್ತಿತ್ತು. ಅಲ್ಲಿ ವಂಚನೆಯಿಲ್ಲ. ಶಿಕ್ಷಕನಿಗೆ ಆ ಸವಲತ್ತಿಲ್ಲ.

ಈ ನಿಯಮವೂ ಒಮ್ಮೆ ಸೋತಿತು. ತೊಂಬತ್ತರ ದಶಕದಲ್ಲಿ ಒಂದು ಶಾಲೆಯಲ್ಲಿ ನಾನು ವಿಭೂತಿಯ ಗುಳಿಗೆ, ನಿಂಬೆಯ ರಕ್ತ, ಮೊಳೆಗಳ ಹಾಸಿಗೆ ಇವುಗಳನ್ನೆಲ್ಲ ವಿವರಿಸಿದಾಗ, ಮೇಷ್ಟರು ಮಕ್ಕಳಿಗೆ ದೇವರ ಮೇಲಿನ ಭಕ್ತಿಯನ್ನು ಕೆಡಿಸುತ್ತಿದ್ದಾರೆಂದು ಪೋಷಕರೊಬ್ಬರು ದೂರು ಕೊಟ್ಟರು. ನಾನು ದೇವರ ಮಾತನ್ನೇ ಎತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಪಠ್ಯದಲ್ಲಿರುವಷ್ಟನ್ನೇ ಮಾಡಿ ಎಂದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯ ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿದೆ. ಅದು ಸೇರಿದ್ದೂ 1976ರ ತಿದ್ದುಪಡಿಯಿಂದಲೇ. ಅದನ್ನು ನಾನು ಅವರಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ಒಂದು ವರ್ಷ ಪೂರ್ತಿ ಚೊಂಬನ್ನೂ ಮುಟ್ಟಲಿಲ್ಲ. ಆ ವರ್ಷದ ಎಂಟನೆಯ ತರಗತಿಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ಸಲ್ಲಬೇಕಾದುದನ್ನು ನಾನು ಕೊಡಲಿಲ್ಲ.

ಮುಂದೆ ಗಾಳಿ ಬದಲಾಯಿತು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರ ಕಾರ್ಯಕ್ರಮಗಳೂ, ಹುಲಿಕಲ್ ನಟರಾಜ್ ಅವರ ಪವಾಡ ಬಯಲು ಪ್ರದರ್ಶನಗಳೂ ಶಾಲೆಗಳೊಳಗೇ ಬಂದವು. ಮೌಢ್ಯ ನಿಷೇಧ ಕಾಯ್ದೆಯೆಂದು ಜನ ಕರೆಯುವ ಶಾಸನಕ್ಕೆ ನಮ್ಮ ವಿಧಾನಮಂಡಲ 2017ರಲ್ಲಿ ಒಪ್ಪಿಗೆ ಕೊಟ್ಟು, ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಅದೇ ವರ್ಷ ನಾನು ನಿವೃತ್ತನಾದೆ.

ಅಜ್ಜಿ 1983ರಲ್ಲಿ ತೀರಿಕೊಂಡರು. ನಾನು ಹೇಳಲೇ ಇಲ್ಲ. ಹದಿಮೂರು ದಿನಗಳು ಕಳೆದ ಮೇಲೆ ಅಮ್ಮ ಅವರ ಟ್ರಂಕನ್ನು ತೆಗೆದಾಗ ಎರಡು ಸೀರೆ, ಒಂದು ಜಪಮಾಲೆ, ಕಾಶಿಯ ಗಂಗೆಯ ಪುಟ್ಟ ಗಿಂಡಿ, ಮತ್ತು ಹಳದಿ ಬಟ್ಟೆಯ ಒಂದು ಗಂಟು ಸಿಕ್ಕವು. ಗಂಟನ್ನು ಬಿಚ್ಚಿ ನೋಡಿ, ಯಾವುದೋ ಕ್ಷೇತ್ರದ ಪ್ರಸಾದವಿರಬೇಕು ಎಂದು ಅಮ್ಮ ಕಣ್ಣಿಗೊತ್ತಿಕೊಂಡರು. ನಾನು ಪಕ್ಕದಲ್ಲಿಯೇ ನಿಂತಿದ್ದೆ. ಗಂಜಿ ಒಣಗಿ ಗಟ್ಟಿಯಾದ ಒಂದೆರಡು ಕಣಗಳು ಆ ಬೂದಿಯಲ್ಲಿ ಇನ್ನೂ ಇದ್ದವು. ಅಮ್ಮನಿಗೂ ನಾನು ಹೇಳಲಿಲ್ಲ. ಅವರು ಹೋಗಿಯೂ ಹನ್ನೊಂದು ವರ್ಷಗಳಾದವು.

ಅಂದು ಬಾಯಿಯ ಮೇಲೆ ಬೆರಳಿಟ್ಟ ದೊಡ್ಡಮ್ಮನ ಮಗ ಈಗ ಮೈಸೂರಿನಲ್ಲಿದ್ದಾನೆ. ನಾನು ಬರೆದುದನ್ನೆಲ್ಲ ತಪ್ಪದೆ ಓದಿ, ಕಾಗುಣಿತದ ತಪ್ಪುಗಳನ್ನು ಎತ್ತಿ ತೋರಿಸುವವನು. ಅವನಿಗೆ ಆ ಮಧ್ಯಾಹ್ನ ನೆನಪಿದೆಯೇ ಎಂದು ನಾನು ಈ ಐವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. ಇದನ್ನು ಓದಿದ ಮೇಲೆ ಅವನೇ ಹೇಳಲಿ.